ಹತ್ತು ಚಂದ್ರಿಕೆಗೆ ಜಾಗ

"ಸರಸಮ್ಮ, ಬಾಗಿಲು ಒಸಿ ಪೂರ್ತಿ ತೆಗಿಯವ್ವ, ಇದು ಒಳಕ್ಕೆ ಹಿಡೀತಿಲ್ಲ!"

ಸರಸಮ್ಮ ಹೊಲಿಗೆ ಮಿಷನ್ನಿನಿಂದ ತಲೆಯೆತ್ತಿ ನೋಡಿದಳು. ಹೊರಗೆ ಜಿಟಿಜಿಟಿ ಮಳೆ. ಬಾಗಿಲಲ್ಲಿ ಮನೆಯ ಓನರು ಮುನಿರಾಮಯ್ಯ, ತಲೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಚಂದ್ರಿಕೆ. ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ ಅದು. ಬೈರಾಪಟ್ಟಣದಲ್ಲಿ ಅದನ್ನು ತುಂಬಿದ ಕೊಡದಷ್ಟೇ ಜೋಪಾನವಾಗಿ ಹೊರುತ್ತಾರೆ.

"ಹುಳ ಎಲ್ಲಾ ಒಂದೇ ದಿನಕ್ಕೆ ಹಣ್ಣಾಗಿ ಗೂಡು ಕಟ್ಟಕ್ಕೆ ನಿಂತ್ಬುಟ್ಟವೆ ಕಣವ್ವ. ಹುಳದ ಮನೇಲಿ ಕಾಲಿಡಕ್ಕೂ ಜಾಗ ಇಲ್ಲ. ಆಚೆ ನಿಲ್ಸಾನಾ ಅಂದ್ರೆ ಈ ಮಳೆ. ನಿನ್ ನಡುಮನೇಲಿ ಒಂದ್ ಹತ್ತು ಚಂದ್ರಿಕೆ ನಿಲ್ಲಿಸ್ಕೊತೀನಿ. ಐದೇ ದಿನ, ಸೋಮವಾರ ಬೆಳಿಗ್ಗೆ ಎತ್ಕೊಂಡು ಹೊಂಟೋಯ್ತೀನಿ."

ಸೋಮವಾರ ಎಂದ ಕೂಡಲೇ ಸರಸಮ್ಮನ ಕಾಲು ಮಿಷನ್ನಿನ ಮೇಲೆ ನಿಂತಿತು. ಕನಕಪುರದ ಗಂಡನ ಮನೆಯಲ್ಲೇ ಹೆರಿಗೆಯಾಗಿದ್ದ ಮಗಳು ದಿವ್ಯ, ಪುಣ್ಯಾಹ ಮುಗಿಸಿಕೊಂಡು ಬಾಣಂತನಕ್ಕೆ ಬರುವುದೂ ಸೋಮವಾರವೇ. ಬಾಣಂತಿ ಮಲಗಬೇಕಾದ ನಡುಮನೆಯಲ್ಲಿ ಸೂರು ಸೋರುತ್ತಿತ್ತು. ಮೂರು ತಿಂಗಳಿಂದ ಹೇಳುತ್ತಿದ್ದಳು. "ಈ ಹುಳದ ಬೆಳೆ ಒಂದು ಆಗೋಗ್ಲಿ" ಎಂದಿದ್ದ ಮುನಿರಾಮಯ್ಯ. ಅದಾಯಿತು, ಇನ್ನೊಂದು ಬೆಳೆ ಬಂತು. ಅದೂ ಆಯಿತು, ಹೆಂಚು ಸಿಗುತ್ತಿಲ್ಲ ಎಂದ. ಆಮೇಲೆ ಗಾರೆಯವನು ಫೋನು ಎತ್ತುತ್ತಿಲ್ಲ ಎಂದ.

ಚನ್ನಪಟ್ಟಣದಲ್ಲಿ ವಕೀಲರ ಹತ್ತಿರ ಗುಮಾಸ್ತನಾಗಿದ್ದ ಹಿಂದಿನ ಬೀದಿಯ ಬಾಲರಾಜು ದಾರಿ ಹೇಳಿಕೊಟ್ಟಿದ್ದ. "ಮೊದಲು ನೋಟೀಸು ಕೊಡಿ ಅಕ್ಕ. ಬಗ್ಗದಿದ್ರೆ ನೀವೇ ರಿಪೇರಿ ಮಾಡಿಸಿ ಬಾಡಿಗೇಲಿ ಹಿಡ್ಕೊಳ್ಳಿ. ಅದಕ್ಕೂ ತಕರಾರು ತೆಗೆದ್ರೆ ಮನೆ ಖಾಲಿ ಮಾಡಿ." ಸರಸಮ್ಮ ಒಂದೊಂದನ್ನೂ ಯೋಚಿಸಿ ನೋಡಿದಳು. ವಾರಕ್ಕೊಂದು ಸಲ ಕರಿಬೇವು ತಂದು ಬಾಗಿಲಿಗೆ ಸಿಕ್ಕಿಸಿ ಹೋಗುವ ಮನುಷ್ಯನಿಗೆ "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಅಂತ ಹೇಗೆ ಬರೆಯುವುದು? ತಾನೇ ಮಾಡಿಸೋಣವೆಂದರೆ, ಕೈಯಲ್ಲಿದ್ದ ದುಡ್ಡೆಲ್ಲ ಬಾಣಂತಿಯ ಖಾರಕ್ಕೆ, ಕೊಬ್ಬರಿಗೆ ಹೋಗಿತ್ತು. ಹಸುಗೂಸು ಬರುವ ಹೊತ್ತಿನಲ್ಲಿ ಖಾಲಿ ಮಾಡಿಕೊಂಡು ಹೋಗುವುದಾದರೂ ಎಲ್ಲಿಗೆ?

"ಅದಕ್ಕೇನಂತೆ, ಬನ್ನಿ ಅಣ್ಣಯ್ಯ," ಎಂದು ಬಾಗಿಲನ್ನು ಪೂರ್ತಿ ತೆಗೆದಳು. "ಎಲ್ಲಿ ಗಾಳಿ ಚೆನ್ನಾಗೈತೋ ನೀವೇ ನೋಡ್ಕಳಿ."

ಮುನಿರಾಮಯ್ಯ ಕಿಟಕಿಯ ಎದುರಿನ ಜಾಗ ಆರಿಸಿದ. ಅಲ್ಲೊಂದು ಬಕೆಟ್ಟು ಇತ್ತು. ಕಾಲಿನಿಂದ ಅದನ್ನು ಸರಿಸಿ, ಚಂದ್ರಿಕೆಯನ್ನು ಗೋಡೆಗೆ ಒರಗಿಸಿ, ಪ್ಲಾಸ್ಟಿಕ್ ಎಳೆದ. ಟಪ್ ಎಂದು ಒಂದು ಹನಿ ಅವನ ಬೋಳುತಲೆಯ ಮೇಲೆ ಬಿತ್ತು. ಇನ್ನೊಂದು, ಬಾಯಲ್ಲಿ ಎಳೆ ತೆಗೆಯುತ್ತಿದ್ದ ಹುಳದ ಪಕ್ಕಕ್ಕೇ ಬಿತ್ತು.

"ಅಯ್ಯಯ್ಯೋ! ನೀರು ತಾಕಿದ್ರೆ ಗೂಡು ಕೆಟ್ಟೋಗ್ತದಲ್ಲ!" ಚಂದ್ರಿಕೆಯನ್ನು ಮಗುವಿನ ಹಾಗೆ ತಬ್ಬಿ ಈಚೆಗೆ ಎಳೆದುಕೊಂಡ. "ಏನವ್ವಾ ಸರಸಮ್ಮ, ಮನೇನ ಹಿಂಗಾ ಇಟ್ಕೊಳೋದು?"

"ನಾನೆಲ್ಲಿ ಇಟ್ಕೊಂಡೆ ಅಣ್ಣಯ್ಯ? ನೀವು ಹೆಂಗೆ ಕೊಟ್ರೋ ಹಂಗೇ ಐತೆ."

ಮುಂದಿನ ಮಾತು ಕೇಳಲು ಅವನು ಅಲ್ಲಿರಲಿಲ್ಲ. ಅರ್ಧ ಗಂಟೆಗೆಲ್ಲ ಏಣಿ ಬಂತು. ಕೊಟ್ಟಿಗೆಯ ಹಿಂದಿನಿಂದ, ಸಿಗುತ್ತಲೇ ಇಲ್ಲವೆಂದಿದ್ದ ಹೆಂಚು ನಲವತ್ತು ಬಂದವು. ಗಾರೆಯವನಿಗೆ ಫೋನು ಮಾಡುವ ಮಾತೇ ಇಲ್ಲ. ಮುನಿರಾಮಯ್ಯ ಪಂಚೆ ಎತ್ತಿಕಟ್ಟಿ, ತಲೆಗೊಂದು ಗೊಬ್ಬರದ ಚೀಲ ಮುಸುಕು ಹಾಕಿಕೊಂಡು ತಾನೇ ಸೂರಿಗೆ ಹತ್ತಿದ. ಕೆಳಗೆ ಏಣಿ ಹಿಡಿದು ನಿಂತಿದ್ದವಳು ಅವನ ಹೆಂಡತಿ ದೊಡ್ಡಲಕ್ಷ್ಮಮ್ಮ.

"ಬಾಣಂತಿ ಬತ್ತಾಳೆ ಬಾಣಂತಿ ಬತ್ತಾಳೆ ಅಂತ ಆವಮ್ಮ ಬಡ್ಕೊಂಡ್ರೆ ನಿನಗೆ ಕೇಳಿಸ್ನಿಲ್ಲ," ಎಂದು ಬೀದಿಗೆಲ್ಲ ಕೇಳುವಂತೆ ಶುರುಮಾಡಿದಳು. "ಹುಳಕ್ಕೆ ಅಂದೇಟ್ಗೆ ಮಂಡಿನೋವೂ ವಾಸಿಯಾಗೋಯ್ತಾ?"

"ಸುಮ್ಕಿರು, ಏಣಿ ಗಟ್ಟಿಯಾಗಿ ಹಿಡ್ಕೊ!"

ಕತ್ತಲಾಗುವ ಹೊತ್ತಿಗೆ ನಡುಮನೆಯಲ್ಲಿ ಹತ್ತೂ ಚಂದ್ರಿಕೆ ಒಣಗಿದ ನೆಲದ ಮೇಲೆ ನಿಂತಿದ್ದವು. ಐದು ದಿನ ಸರಸಮ್ಮ ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡಳು. ಘಾಟು ಹುಳಕ್ಕೆ ಆಗದೆಂದು ಒಗ್ಗರಣೆ ಹಾಕುವುದನ್ನೂ ಬಿಟ್ಟಳು. ಅದರ ನಡುವೆ ಹೊರಗೆ ಎರಡು ಸಲ ಜೋರು ಮಳೆ ಹೊಡೆಯಿತು. ಎರಡು ಸಲವೂ ಮುನಿರಾಮಯ್ಯ ಟಾರ್ಚು ಹಿಡಿದುಕೊಂಡು ಓಡಿಬಂದು ಸೂರು ನೋಡಿಹೋದ.

ಸೋಮವಾರ ಬೆಳಿಗ್ಗೆ ಚಂದ್ರಿಕೆಗಳು ಮಲ್ಲಿಗೆ ಸುರಿದ ಹಾಗೆ ಬೆಳ್ಳಗೆ ಗೂಡು ತುಂಬಿಕೊಂಡು ಹೊರಗೆ ಹೋದವು. ಸರಸಮ್ಮ ನೆಲ ಸಾರಿಸಿ, ಅದೇ ಜಾಗದಲ್ಲಿ, ಸೂರಿನ ತೊಲೆಗೆ, ಹಳೇ ಸೀರೆಯ ಜೋಲಿ ಕಟ್ಟಿದಳು. ಮಧ್ಯಾಹ್ನಕ್ಕೆ ದಿವ್ಯ ಬಂದಳು. ಸಂಜೆ ಗಂಡಹೆಂಡಿರಿಬ್ಬರೂ ಮಗು ನೋಡಲು ಬಂದರು. ಮುನಿರಾಮಯ್ಯ ಮೊದಲು ಸೂರು ನೋಡಿ, ಆಮೇಲೆ ಮಗು ನೋಡಿದ.

"ಈಗ ಹೇಳವ್ವ, ಒಂದು ತೊಟ್ಟು ಬೀಳ್ತದಾ?"

"ಇಲ್ಲ ಅಣ್ಣಯ್ಯ. ನಿಮ್ಮ ಹುಳ ತಣ್ಣಗಿರಲಿ," ಎಂದಳು ಸರಸಮ್ಮ. ದೊಡ್ಡಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ಮುನಿರಾಮಯ್ಯನೂ ನಕ್ಕ. "ಮುಂದಿನ ಬೆಳೆಗೂ ಒಸಿ ಜಾಗ ಕೊಡ್ತೀಯ ತಾನೆ? ನಡುಮನೇಲಿ ಬಾಣಂತಿ ಅವ್ಳೆ, ಬೇರೆಲ್ಲಾದ್ರೂ ಸೈ."

"ಧಾರಾಳವಾಗಿ. ಈ ಸಲ ಬಚ್ಚಲುಮನೇಲಿ ಇಡಿ."

"ಬಚ್ಚಲಲ್ಲಾ? ಬಚ್ಚಲಲ್ಲಿ ಯಾರಾದ್ರೂ ಹುಳ ಇಡ್ತಾರಾ?"

ಸರಸಮ್ಮ ಜೋಲಿಯನ್ನು ಮೆಲ್ಲಗೆ ತೂಗಿದಳು.

"ಆ ಬಾಗಿಲಿಗೆ ಚಿಲಕ ಇಲ್ಲ ಅಂತ ಯುಗಾದಿಯಿಂದ ಹೇಳ್ತಾ ಇದ್ದೀನಿ ಅಣ್ಣಯ್ಯ. ನಾವು ಬಿಡಿ, ಬಕೆಟ್ಟು ಅಡ್ಡ ಇಟ್ಕೊಂಡು ನೀರು ಹುಯ್ಕೊತೀವಿ. ಹುಳಕ್ಕೆ ಮರ್ಯಾದೆ ಬೇಡ್ವಾ?"