ಕಲ್ಲವ್ವನ ಪೂರ್ತಿ ಟಿಕೆಟ್

ಬ್ಯಾಡಗಿಯಿಂದ ಹಾವೇರಿಗೆ ಬಸ್ ಚಾರ್ಜು ಮನುಷ್ಯರಿಗೆ ಎಂಬತ್ತು ರೂಪಾಯಿ, ಆಡಿಗೆ ನಲವತ್ತು, ಪಶೂಕೃತರಿಗೂ ನಲವತ್ತು.

ಕಲ್ಲವ್ವ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲಿ. ಹೋದ ವರ್ಷ ಉಳಿದ ಹಮಾಲರಂತೆ ಅವಳೂ ಹೆಚ್ಚು ಭಾರ ಹೊರಲೆಂದು ಆಸ್ಪತ್ರೆಯಲ್ಲಿ ಎತ್ತಿನ ಹೆಗಲು ಹಾಕಿಸಿಕೊಂಡಿದ್ದಳು. ಆ ಚಿಕಿತ್ಸೆಗೆ ಸರ್ಕಾರ ಇಟ್ಟ ಹೆಸರು ಪಶೂಕರಣ; ಮಾಡಿಸಿಕೊಂಡವರು ಪಶೂಕೃತರು. ಅಂದಿನಿಂದ ಅವರೆಲ್ಲ ಬಸ್ಸಿನ ಹಿಂದೆ, ಆಡು ಕಟ್ಟುವ ಕಂಬಿಯ ಹತ್ತಿರ ನಿಲ್ಲುತ್ತಿದ್ದರು. ಅರ್ಧ ಚಾರ್ಜೆಂದು ಯಾರೂ ಗೊಣಗಲಿಲ್ಲ. ಆದರೆ ನಿನ್ನೆ ಆಡುಗಳ ಜೊತೆ ಇಳಿದ ಕಲ್ಲವ್ವನನ್ನು ಶಾಲೆಯಿಂದ ಬರುತ್ತಿದ್ದ ಮಗಳು ಕಂಡೂ ಕಾಣದಂತೆ ಹೋಗಿದ್ದಳು.

ಇವತ್ತು ಕಲ್ಲವ್ವ ಕಿಟಕಿಯ ಪಕ್ಕ ಕುಳಿತು ಎಂಬತ್ತು ರೂಪಾಯಿ ಚಾಚಿದಳು.

"ನಿಂದು ಲಗೇಜ್ ಚೀಟಿ, ಹಿಂದಕ್ಕ ನಡಿ," ಎಂದ ಕಂಡಕ್ಟರ್. "ನಲವತ್ತು ಉಳೀತದಲ್ಲ ಬೇ, ನಿನಗೇನ್ ಲುಕ್ಸಾನು?"

"ಪಶೂಕರಣ ಆಗಿದ್ದು ಹೆಗಲಿಗೆ. ಕುಂಡಿ ನಂದೇ ಐತಿ, ಸೀಟಿನ ಮ್ಯಾಲ ಕುಂದ್ರತೈತಿ."

ಮುಂದಿನ ಸೀಟಿನವರು ನಕ್ಕರು.

"ಕಾಯ್ದೆ ಐತಿ. ಪಶೂಕೃತ ಅಂದ್ರ ಪಶುವಿನ ಲೆಕ್ಕ."

"ಹಿಂದ ಕಟ್ಟಿದ ಆಡು ನಿನ್ನ ಕೂಡ ಯಾವತ್ತರ ವಾದ ಮಾಡೇತೇನಪಾ? ನಾ ಮಾಡಾಕತ್ತೀನಿ. ಟಿಕೆಟ್ ಹರಿ, ಇಲ್ಲಾಂದ್ರ ಎತ್ತಿ ಕೆಳಗಿಳಿಸು."

ಕಂಡಕ್ಟರ್ ಎರಡು ಕ್ವಿಂಟಲ್ ಹೊರುವ ಆ ಹೆಗಲನ್ನು ನೋಡಿದ, ಡ್ರೈವರನನ್ನು ನೋಡಿದ.

"ನನ್ನ ಯಾಕ ನೋಡ್ತೀಯೋ? ಕೊಟ್ಟು ಮುಗಸು, ಹೊತ್ತಾತು," ಎಂದ ಡ್ರೈವರ್.

ಕಂಡಕ್ಟರ್ ಪೂರ್ತಿ ಟಿಕೆಟ್ ಹರಿದು ಕೊಟ್ಟ. ಹಿಂದೆ ನಿಂತಿದ್ದ ಹಮಾಲ ಬಸವಣ್ಣೆಪ್ಪ ಮೆಲ್ಲಗೆ ಬಂದು ಅವಳ ಹಿಂದಿನ ಸೀಟಿನಲ್ಲಿ ಕುಳಿತು ಜೇಬಿಗೆ ಕೈಹಾಕಿದ.

ಆ ಸಂಜೆ ಕಲ್ಲವ್ವನ ಮನೆಗೆ ಎಣ್ಣೆ ಬರಲಿಲ್ಲ; ಬರೀ ರೊಟ್ಟಿ, ಖಾರ. ಮರುದಿನದಿಂದ ಬಸ್ಸಿನ ಹಿಂದೆ ಆಡುಗಳು ಮಾತ್ರ ನಿಂತವು.