ಒಂದು ಮುಹೂರ್ತ, ಎರಡು ಕಿಟಕಿ

ಒಂದೇ ಗಂಟೆಯನ್ನು ಎರಡು ಕಿಟಕಿಗಳಲ್ಲಿ ತೆರೆದು ಎರಡು ಊರಲ್ಲಿ ಇರುವುದು ಜನರಿಗೆ ರೂಢಿಯಾದ ಮೇಲೆ, ತುಮಕೂರಿನ ಪುರೋಹಿತ ಫಣೀಂದ್ರ ಜೋಯಿಸರು ಯಾವ ಮದುವೆಯನ್ನೂ ಬಿಟ್ಟುಕೊಡಲಿಲ್ಲ. ಒಂದು ಕಿಟಕಿಯಲ್ಲಿರುವವರಿಗೆ ಇನ್ನೊಂದರ ನೆನಪು ಇರುತ್ತಿರಲಿಲ್ಲವಾದ್ದರಿಂದ ಗಲಿಬಿಲಿಯೂ ಇರಲಿಲ್ಲ.

ಆ ಗುರುವಾರ ಹತ್ತೂವರೆಗೆ ತುಮಕೂರಿನಲ್ಲೊಂದು, ತಿಪಟೂರಿನಲ್ಲೊಂದು ಮದುವೆ. ಅವಸರದಲ್ಲಿ ಜೋಯಿಸರು ಕಿಟಕಿಗಳನ್ನು ಬೇರ್ಪಡಿಸುವ ಗುಂಡಿ ಒತ್ತಲು ಮರೆತರು. ತುಮಕೂರಿನ ಛತ್ರದಲ್ಲಿ ಸಂಕಲ್ಪ ಹೇಳುವಾಗ ವಧು ಮೈಥಿಲಿಯ ಹೆಸರಿನ ಬದಲು ‘ವಾರಿಜಾ’ ಎಂದುಬಿಟ್ಟರು.

“ಯಾರು ಜೋಯಿಸರೇ ಅದು ವಾರಿಜಾ?” ಮೈಥಿಲಿ ತಲೆಯೆತ್ತಿ ಕೇಳಿದಳು.

“ತಪ್ಪಾಯ್ತಮ್ಮಾ. ತಿಪಟೂರಿನ ಮದುಮಗಳು. ಎರಡೂ ಕಿಟಕಿ ಕಲೆಸಿಹೋಗಿವೆ,” ಎಂದ ಜೋಯಿಸರು ವರನ ಮುಖ ನೋಡಿ ತಡವರಿಸಿದರು. “ಅಲ್ಲಯ್ಯಾ, ಅಲ್ಲೂ ನೀನೇ ಕೂತಿದ್ದೀಯಲ್ಲ!”

ವರ ಸುಮಂತ ಬೆವತುಹೋದ. “ಆ ಕಿಟಕೀಲಿರೋನು ಏನ್ ಮಾಡ್ತಾನೋ ನಂಗೇನು ಗೊತ್ತು? ನಂಗೆ ನೆನಪೇ ಇರಲ್ಲ.”

“ಎರಡೂ ಕಿಟಕಿ ತೆಗೆಯೋವಾಗ ಒಬ್ಬನೇ ಇದ್ದೆ ತಾನೆ?” ಎಂದಳು ಮೈಥಿಲಿ. ಅವಳು ಬಾಸಿಂಗ ಬಿಚ್ಚಿಟ್ಟಳು. “ಜೋಯಿಸರೇ, ಅಲ್ಲಿ ತಾಳಿ ಕಟ್ಟಿ ಆಯ್ತಾ?”

“ಇನ್ನೂ ಇಲ್ಲಮ್ಮ.”

“ಹಾಗಾದ್ರೆ ಅವಳಿಗೂ ಹೇಳಿ.”

ತಿಪಟೂರಿನಲ್ಲಿ ಜೋಯಿಸರು ಮಂತ್ರ ನಿಲ್ಲಿಸಿ ವಿಷಯ ಹೇಳಿದರು. ವಾರಿಜಾ ಹಾರ ತೆಗೆದು ವರನ ಕೈಗೇ ಕೊಟ್ಟು ಎದ್ದಳು. ಅಷ್ಟರಲ್ಲಿ ಅಡುಗೆಯಾಗಿತ್ತು; ಎರಡೂ ಕಡೆಯ ನೆಂಟರು, ಬೈದುಕೊಳ್ಳುತ್ತಲೇ, ಪಂಕ್ತಿಗೆ ಕೂತರು. ಮೈಥಿಲಿ ತಾನೂ ತಿಪಟೂರಿಗೆ ಒಂದು ಕಿಟಕಿ ತೆರೆದು ವಾರಿಜಾಳ ಪಕ್ಕದ ಎಲೆಯಲ್ಲಿ ಕೂತಳು.

“ನಾನು ಮೈಥಿಲಿ. ನಿಮ್ಮಲ್ಲಿ ಬೇಳೆ ಒಬ್ಬಟ್ಟಾ, ಕಾಯಿ ಒಬ್ಬಟ್ಟಾ?”

“ಕಾಯಿದು,” ಕಣ್ಣೊರೆಸಿಕೊಂಡು ವಾರಿಜಾ ಎಂದಳು. “ಎರಡು ಹಾಕಿಸ್ಕೊಳ್ಳಿ.”