ಸೀಕರಣೆಯ ತಾಟಿನೆದುರು ಕೇಳಿದ ಪಗಾರ

ಒಂದು ಡಜನ್ ಮಾವಿಗೆ ನಿನ್ನೆ ಇನ್ನೂರ ನಲವತ್ತು ಕೊಟ್ಟೆ. ಸೇಡಂ ಬಸ್ ನಿಲ್ದಾಣದ ಹಣ್ಣಿನವನು ಹೇಳಿದ್ದು ನಾನೂರು. ಉಳಿದದ್ದು ಅವನ ಕೊನೆಯ ಬುಟ್ಟಿ, ಅವನೂರಿನ ಬಸ್ಸೂ ಬಂದು ನಿಂತಿತ್ತು, ಇಳಿಸಿದ. ಮನೆಗೆ ತಂದು ಹಣ್ಣಿನ ಮೇಲಿನ ಹುಲ್ಲು ಸರಿಸಿದಾಗ ಎದ್ದ ವಾಸನೆಗೆ ನಾನು ಬೆಳೆದ ರಾವೂರಿನ ಒಂದು ಮಧ್ಯಾಹ್ನ ನೆನಪಾಯಿತು.

ಅಂದು ಕಲ್ಲಿನ ಗಣಿಯಲ್ಲಿ ಅಪ್ಪನ ಪಗಾರ ಹೆಚ್ಚಾಗಿತ್ತು. ಮೊಳಕೈವರೆಗಿನ ಬಿಳಿ ಧೂಳನ್ನೂ ತೊಳೆಯದೆ ಮಾವಿನಹಣ್ಣು ಹೊತ್ತು ಬಂದಿದ್ದರು. ಅವ್ವ ಹಣ್ಣು ಹಿಂಡಿ, ಹಾಲು ಬೆಲ್ಲ ಬೆರೆಸಿ ಸೀಕರಣೆ ಮಾಡಿ ಬಡಿಸಿದಳು. ಅಪ್ಪ ಬೆರಳು ಚೀಪುತ್ತ, ಪಕ್ಕದಲ್ಲಿ ಉಣ್ಣುತ್ತಿದ್ದ ನನ್ನ ಸೋದರಮಾವನನ್ನು ಕೇಳಿದರು: "ಸಿಮೆಂಟ್ ಫ್ಯಾಕ್ಟರಿದಾಗ ನಿನಗ ಎಷ್ಟ ಕೊಡ್ತಾರೋ?"

ಮಾವ ನಕ್ಕ. "ನಿಮ್ಮದರ ಎರಡರಷ್ಟು, ಭಾವಾ. ಹೊಸಬ ಅಂತ ಸದ್ಯ ಕಡಿಮಿ ಕೊಡ್ಲಿಕತ್ತಾರ."

ಅಪ್ಪ ತಾಟು ಸರಿಸಿದರು.

"ಯಾಕ್ರಿ, ಹುಳಿ ಅದ ಏನು?" ಎಂದಳು ಅವ್ವ.

"ಸಾಕು."

"ಬರುವಾಗ ಭಾಳ ನಕ್ಕೋತ ಬಂದ್ರಿ. ಅಷ್ಟ್ರಾಗ ನಿಮ್ಮ ಪಗಾರೇನು ಕಡಿಮಿ ಆಯ್ತೇನ್ರಿ?"

ಅಪ್ಪ ಎದ್ದು ಕೈ ತೊಳೆದರು. ಅವರ ತಾಟನ್ನು ನಾನೇ ಖಾಲಿ ಮಾಡಿದೆ. ಹುಳಿ ಇರಲಿಲ್ಲ.

ನೀವು ಇಷ್ಟು ಮಾಡಿ: ಪಗಾರ ಹೆಚ್ಚಾದ ದಿನ ಯಾರ ಪಗಾರವನ್ನೂ ಕೇಳಬೇಡಿ. ಕೇಳಲೇಬೇಕೆಂದರೆ ಹೊಸ ನೌಕರಿಯ ಪಗಾರ ಮಾತಾಡುವ ಹಿಂದಿನ ದಿನ ಕೇಳಿ. ಚೌಕಾಸಿಗಾದರೂ ಉಪಯೋಗಕ್ಕೆ ಬರುತ್ತದೆ.